ಓಟ ಕಾಣದ ಮರಿಗಳ ತಂದೆಗೆ ಎಷ್ಟು ಬೆಲೆ ಕಟ್ಟಬಹುದು?

ಪ್ರಶ್ನೆ: ನಾನು ಮೈಸೂರಿನವನು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್ ನೋಡುತ್ತಾ ಬೆಳೆದೆ. ಈಗ ಕೆಲಸದ ಮೇಲೆ ಅಮೆರಿಕದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದೇನೆ. ಮೂವರು ಸ್ನೇಹಿತರು ಸೇರಿ ಐದು ವರ್ಷದ ಥರೋಬ್ರೆಡ್ (ರೇಸಿನ ತಳಿ) ಹೆಣ್ಣು ಕುದುರೆಯೊಂದನ್ನು ಕೊಂಡಿದ್ದೇವೆ. ಅದು ಎರಡು ರೇಸ್ ಗೆದ್ದಿದೆ, ಇನ್ನೂ ಮರಿ ಹಾಕಿಲ್ಲ. 2027ರ ವಸಂತದಲ್ಲಿ ಗಂಡಿಗೆ ಕೊಡಿಸಬೇಕೆಂದಿದ್ದೇವೆ. ಮೂರು ಸ್ಟಾಲಿಯನ್‌ಗಳ (ತಳಿಗೆ ಬಿಟ್ಟ ಗಂಡು ಕುದುರೆ) ಮಾತಾಗುತ್ತಿದೆ, ಮೂರಕ್ಕೂ ಕೊಡಿಸುವ ಫೀ 15,000 ಡಾಲರ್. ಒಂದು ಈ ವರ್ಷವಷ್ಟೇ ರೇಸ್ ಬಿಟ್ಟು ಸ್ಟಡ್‌ಗೆ, ಅಂದರೆ ತಳಿಯ ಕೆಲಸಕ್ಕೆ, ಬರುತ್ತಿರುವ ಗ್ರೇಡ್ 1 (ಅತಿ ಮೇಲ್ದರ್ಜೆಯ ರೇಸ್) ವಿಜೇತ. ಎರಡನೆಯದಕ್ಕೆ ಅದು ಮೂರನೇ ಸೀಸನ್. ಮೂರನೆಯದರ ಮರಿಗಳು ಎಷ್ಟೋ ವರ್ಷದಿಂದ ಓಡುತ್ತಿವೆ. ಮರಿಯನ್ನು ಇಯರ್ಲಿಂಗ್ (ಒಂದು ವರ್ಷದ ಮರಿ) ಹರಾಜಿನಲ್ಲಿ ಮಾರುವ ಯೋಚನೆ ಇದೆ, ಹೆಣ್ಣು ಮರಿಯಾದರೆ ಇಟ್ಟುಕೊಂಡರೂ ಇಟ್ಟುಕೊಂಡೇವು. ಹೊಸ ಸ್ಟಾಲಿಯನ್‌ಗಳನ್ನು ಅಳೆಯುವುದು ಹೇಗೆ? ನಮ್ಮ ಕುಣಿಗಲ್ ಕಡೆಯೂ ಇದೇ ಲೆಕ್ಕವೇ?

ಉತ್ತರ: ಮೊದಲು ನನ್ನ ಆಯ್ಕೆ ಹೇಳಿಬಿಡುತ್ತೇನೆ. ನಿಮ್ಮ ಕುದುರೆಗೆ ನಾನು ಮೂರನೆಯದನ್ನೇ ಆರಿಸುತ್ತೇನೆ. ಮಾರಲೇಬೇಕು ಎಂಬ ಒತ್ತಾಯವಿದ್ದರೆ ಮೊದಲನೆಯದು. ಎರಡನೆಯದನ್ನು, ಅದರ ಮರಿಗಳನ್ನು ಕಣ್ಣಾರೆ ನೋಡದ ಹೊರತು, ಮುಟ್ಟುವುದಿಲ್ಲ. ಫೀ ಒಂದೇ ಇದ್ದರೂ ಈ ಮೂರರಲ್ಲಿ ನೀವು ದುಡ್ಡು ಕೊಡುತ್ತಿರುವುದು ಬೇರೆ ಬೇರೆ ವಸ್ತುವಿಗೆ. ಹೊಸದಕ್ಕೆ ಕೊಡುವುದು ಭರವಸೆಗೆ, ಹಳೆಯದಕ್ಕೆ ಕೊಡುವುದು ದಾಖಲೆಗೆ. ಮೂರನೇ ಸೀಸನ್ನಿನದಕ್ಕೆ ಎರಡೂ ಇಲ್ಲ. ಭರವಸೆಯ ಹೊಳಪು ಆಗಲೇ ಮಾಸಿರುತ್ತದೆ, ದಾಖಲೆ ಇನ್ನೂ ಹುಟ್ಟಿರುವುದಿಲ್ಲ.

ಇದಕ್ಕೆಲ್ಲ ಕಾರಣ ಕ್ಯಾಲೆಂಡರ್. ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಗಂಡು ಹೆಣ್ಣು ನೇರವಾಗಿ ಕೂಡಿ ಹುಟ್ಟಿದ ಮರಿ ಮಾತ್ರ ತಳಿಯ ದಾಖಲೆ ಪುಸ್ತಕವಾದ ಸ್ಟಡ್‌ಬುಕ್ ಸೇರುತ್ತದೆ. ಗಬ್ಬ ಹನ್ನೊಂದು ತಿಂಗಳು. 2027ರಲ್ಲಿ ಕೊಡಿಸಿದರೆ ಮರಿ ಹುಟ್ಟುವುದು 2028ರಲ್ಲಿ, ಇಯರ್ಲಿಂಗ್ ಆಗಿ ಹರಾಜಿಗೆ ನಿಲ್ಲುವುದು 2029ರ ಸೆಪ್ಟೆಂಬರಿನಲ್ಲಿ, ರೇಸಿಗೆ ಇಳಿಯುವುದು 2030ಕ್ಕೆ. ಅಂದರೆ ನಿಮ್ಮ ಮೊದಲನೇ ಸ್ಟಾಲಿಯನ್ನಿನ ಮೊದಲ ಮರಿಗಳು ಹರಾಜಿಗೆ ಬಂದಾಗ ಅವುಗಳಲ್ಲಿ ಒಂದೂ ಓಡಿರುವುದಿಲ್ಲ. ಕೊಳ್ಳುವವನ ಮುಂದೆ ಸೋಲಿನ ಪಟ್ಟಿ ಇರುವುದಿಲ್ಲ, ಆಸೆ ಪೂರ್ತಿ ಇರುತ್ತದೆ. ಎರಡನೆಯದರ ಕಥೆಯೇ ಬೇರೆ. 2025ರಲ್ಲಿ ಸ್ಟಡ್‌ಗೆ ಬಂದ ಅದರ ಮೊದಲ ಮರಿಗಳು 2028ರಲ್ಲಿ ಎರಡು ವರ್ಷದವಾಗಿ ಓಡುತ್ತವೆ, 2029ರಲ್ಲಿ ಮೂರು ವರ್ಷದವಾಗಿ ಓಡುತ್ತವೆ. ನಿಮ್ಮ ಮರಿ ಹರಾಜಿನ ಕಟ್ಟೆ ಹತ್ತುವ ಹೊತ್ತಿಗೆ ತೀರ್ಪು ಬಂದಿರುತ್ತದೆ. ಅದು ಒಳ್ಳೆಯದಾದರೆ ನಿಮ್ಮ ಅದೃಷ್ಟ ಖುಲಾಯಿಸುತ್ತದೆ, ಆದರೆ ಬಹುತೇಕ ಸ್ಟಾಲಿಯನ್‌ಗಳ ಪಾಲಿಗೆ ಅದು ಒಳ್ಳೆಯದಾಗಿರುವುದಿಲ್ಲ. ಹೂ ಬಿಟ್ಟಾಗಲೇ ಮಾವಿನ ತೋಪಿಗೆ ಗುತ್ತಿಗೆ ಮಾತಾಡುವವರು ನಮ್ಮ ಶ್ರೀನಿವಾಸಪುರದ ಕಡೆ ಇದ್ದಾರಲ್ಲ, ಹೊಸ ಸ್ಟಾಲಿಯನ್ನಿನ ವ್ಯಾಪಾರ ಅದೇ ಜಾತಿಯದು.

ಫಸಲು ಬರುವ ಮುಂಚೆ ಮಾರುಕಟ್ಟೆ ಎಷ್ಟು ಅಂದಾಜು ತಪ್ಪುತ್ತದೆ ಎಂಬುದಕ್ಕೆ ಗನ್ ರನ್ನರ್ ನೋಡಿ. 2017ರ ಹಾರ್ಸ್ ಆಫ್ ದ ಇಯರ್. 19 ಓಟಗಳಲ್ಲಿ 12 ಗೆಲುವು, ಕೊನೆಯದು 2018ರ ಜನವರಿಯ ಪೆಗಾಸಸ್ ವರ್ಲ್ಡ್ ಕಪ್. ಅದೇ ವರ್ಷ ಥ್ರೀ ಚಿಮ್ನೀಸ್ ಫಾರ್ಮ್‌ನಲ್ಲಿ 70,000 ಡಾಲರ್ ಫೀಗೆ ಸ್ಟಡ್ ಶುರು ಮಾಡಿತು. ವಯಸ್ಸಾದಂತೆ ಬಲಿತ ಕುದುರೆ ಅದು, ಎರಡು ವರ್ಷದ ವಯಸ್ಸಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಿರಲಿಲ್ಲ. ಹಾಗಾಗಿ ಮರಿಗಳೂ ತಡವಾಗಿ ಬರುತ್ತವೆ ಎಂದೇ ಎಲ್ಲರ ಎಣಿಕೆ. ನಾಲ್ಕನೇ ಸೀಸನ್ ಆದ 2021ರಲ್ಲಿ ಫೀ 50,000ಕ್ಕೆ ಇಳಿಯಿತು. ಕೋವಿಡ್ ಹೊಡೆತವೂ ಅದರಲ್ಲಿ ಸೇರಿತ್ತು. ಅದೇ ವರ್ಷ ಮೊದಲ ಮರಿಗಳು ಓಡಿದವು. ಎಕೋ ಜುಲು ಬ್ರೀಡರ್ಸ್ ಕಪ್ ಜುವೆನೈಲ್ ಫಿಲ್ಲೀಸ್ ಗೆದ್ದಿತು. ಮರುವರ್ಷ ಅದೇ ಸಾಲಿನ ಅರ್ಲಿ ವೋಟಿಂಗ್ ಪ್ರೀಕ್‌ನೆಸ್ ಗೆದ್ದಿತು. 2023ಕ್ಕೆ ಫೀ 2,50,000 ಡಾಲರ್. 50,000ಕ್ಕೆ ಕೊಡಿಸಿದವರು ಧೈರ್ಯ ಮಾಡಿದ್ದು ನಿಜ. ಆದರೆ ಅವರಲ್ಲಿ ಕೆಲವರಾದರೂ ಮರಿಗಳ ನಡಿಗೆ ನೋಡಿಯೇ ಆ ಧೈರ್ಯ ಮಾಡಿರುತ್ತಾರೆ.

ಇನ್‌ಟು ಮಿಸ್‌ಚೀಫ್‌ನ ಕಥೆ ಇನ್ನೂ ದೊಡ್ಡದು. 2009ರಲ್ಲಿ ಸ್ಪೆಂಡ್‌ಥ್ರಿಫ್ಟ್ ಫಾರ್ಮ್‌ಗೆ 12,500 ಡಾಲರ್ ಫೀಗೆ ಬಂತು, ಮರುವರ್ಷವೇ 7,500ಕ್ಕೆ ಕುಸಿಯಿತು. ಕೊಡಿಸುವವರೇ ಕಡಿಮೆ. ಫಾರ್ಮಿನ ಮಾಲೀಕ ಬಿ. ವೇಯ್ನ್ ಹ್ಯೂಸ್ ಆಗ ಒಂದು ಹೊಸ ದಾರಿ ಹಿಡಿದರು. ಎರಡು ವರ್ಷ ಕುದುರೆ ಕಳಿಸಿ ಫೀ ಕಟ್ಟಿದವರಿಗೆ ಆ ಸ್ಟಾಲಿಯನ್ ಇರುವವರೆಗೆ ವರ್ಷಕ್ಕೊಂದು ಕುದುರೆ ಕೊಡಿಸುವ ಹಕ್ಕು. ಮೊದಲ ಸಾಲಿನಲ್ಲೇ ಗೋಲ್ಡನ್‌ಸೆಂಟ್ಸ್ ಹುಟ್ಟಿತು, 2013ರ ಸಾಂಟಾ ಅನಿಟಾ ಡರ್ಬಿ ಗೆದ್ದಿತು. ಮುಂದೆ ಇನ್‌ಟು ಮಿಸ್‌ಚೀಫ್ 2019ರಿಂದ ಸಾಲು ಸಾಲು ವರ್ಷ ಉತ್ತರ ಅಮೆರಿಕದ ನಂಬರ್ ಒಂದು ಸೈರ್ (ಮರಿಗಳ ತಂದೆ) ಆಯಿತು, ಫೀ 2,50,000ಕ್ಕೆ ಏರಿತು. 7,500ರ ಕಾಲದಲ್ಲಿ ಆ ಹಕ್ಕು ಪಡೆದ ಸಣ್ಣ ಬ್ರೀಡರ್‌ಗಳ ಬದುಕೇ ಬದಲಾಯಿತು. ಇಂಥ ಯೋಜನೆ ನಿಮ್ಮ ಮೊದಲನೇ ಸ್ಟಾಲಿಯನ್ನಿಗೂ ಇದೆಯೇ ಎಂದು ಫಾರ್ಮನ್ನು ಕೇಳಿ. ಇದ್ದರೆ ನನ್ನ ಲೆಕ್ಕವೂ ಸ್ವಲ್ಪ ಆ ಕಡೆ ವಾಲುತ್ತದೆ.

ತಿರುಗುಮುರುಗಾದದ್ದೂ ಅಷ್ಟೇ ಇದೆ. 2000ದ ಕೆಂಟಕಿ ಡರ್ಬಿ ಗೆದ್ದ ಫುಸೈಚಿ ಪೆಗಾಸಸ್ 1,50,000 ಡಾಲರ್ ಫೀಗೆ ಶುರುವಾಗಿ ಕೊನೆಗೆ ಹತ್ತು ಸಾವಿರದ ಕೆಳಗೆ ಬಂತು. 37 ವರ್ಷಗಳ ನಂತರ ಅಮೆರಿಕದ ಮೂರು ದೊಡ್ಡ ರೇಸ್‌ಗಳ ಟ್ರಿಪಲ್ ಕ್ರೌನ್ ಗೆದ್ದ ಅಮೆರಿಕನ್ ಫೇರೋ 2016ರಲ್ಲಿ 2,00,000ಕ್ಕೆ ಶುರುವಾಯಿತು. ಬರುಬರುತ್ತಾ ಅದರ ಕಾಲುಭಾಗದ ಆಸುಪಾಸಿಗೆ ಇಳಿಯಿತು. ಅದು ಕೆಟ್ಟ ಸೈರ್ ಖಂಡಿತ ಅಲ್ಲ. ಅದರ ಮರಿಗಳಲ್ಲಿ ಹಲವು ಹುಲ್ಲಿನ ಟ್ರ್ಯಾಕಿನಲ್ಲಿ ಚೆನ್ನಾಗಿ ಓಡಿದವು. ಕೊಂಡವರು ಬಯಸಿದ್ದು ಮಣ್ಣಿನ ಟ್ರ್ಯಾಕಿನ ಡರ್ಬಿ ಕುದುರೆಯನ್ನು, ಅಷ್ಟೇ. 2022ರ ನವೆಂಬರಿನಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ ಫ್ಲೈಟ್‌ಲೈನ್‌ನ ಶೇಕಡಾ 2.5ರ ಪಾಲು 46 ಲಕ್ಷ ಡಾಲರಿಗೆ ಹೋಯಿತು. ಗುಣಿಸಿ ನೋಡಿ, ಪೂರ್ತಿ ಕುದುರೆಗೆ 18.4 ಕೋಟಿ ಡಾಲರ್. ಆರು ಓಟ, ಆರು ಗೆಲುವು, ಆ ದಿನಕ್ಕೆ ಒಂದು ಮರಿಯೂ ಹುಟ್ಟಿರಲಿಲ್ಲ.

ಹಾಗಾದರೆ ಹೊಸದನ್ನು ಏನು ನೋಡಿ ಅಳೆಯುವುದು?

ನಾನು ಮೊದಲು ಕೇಳುವುದು ಫಲವತ್ತತೆಯನ್ನು. ಹೆಚ್ಚಿನವರು ಕೊನೆಗೆ ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ. ಸತತ 16 ರೇಸ್ ಗೆದ್ದ ಸಿಗಾರ್ ಸ್ಟಡ್‌ಗೆ ಬಂದಾಗ ಅದಕ್ಕೆ ಕೊಡಿಸಿದ ಒಂದು ಹೆಣ್ಣಿಗೂ ಗಬ್ಬ ನಿಲ್ಲಲಿಲ್ಲ. ವಿಮೆ ಕಂಪನಿ ಹಣ ಕಟ್ಟಿಕೊಟ್ಟಿತು. ಕುದುರೆ 2014ರಲ್ಲಿ ಸಾಯುವವರೆಗೂ ನಿಮ್ಮ ಲೆಕ್ಸಿಂಗ್ಟನ್ನಿನ ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲೇ ಇತ್ತು. 2006ರಲ್ಲಿ ಇಂಗ್ಲೆಂಡಿನ ಎರಡು ಸಾವಿರ ಗಿನೀಸ್ ಗೆದ್ದ ಜಾರ್ಜ್ ವಾಷಿಂಗ್ಟನ್‌ಗೆ ಹುಟ್ಟಿದ್ದು ಒಂದೇ ಒಂದು ಹೆಣ್ಣು ಮರಿ. ಅಮೆರಿಕದ ಹೆಸರಾಂತ ರೇಸ್ ಕುದುರೆ ಸೆಕ್ರೆಟೇರಿಯಟ್‌ಗೂ ಶುರುವಿನಲ್ಲಿ ಇದೇ ಆತಂಕವಿತ್ತು. 1973ರಲ್ಲಿ 1,90,000 ಡಾಲರಿನಂತೆ 32 ಪಾಲು ಮಾಡಿ 60.8 ಲಕ್ಷಕ್ಕೆ ಸಿಂಡಿಕೇಟ್ ಆಗಿದ್ದ ಕುದುರೆ, ಮೊದಲ ವೀರ್ಯ ಪರೀಕ್ಷೆಯಲ್ಲಿ ಅಪಕ್ವ ಕೋಶಗಳು ಕಂಡವು. ಪಾಲುದಾರರ ಎದೆ ಬಡಿದುಕೊಂಡಿತು. ಪರೀಕ್ಷೆಗೆಂದು ಥರೋಬ್ರೆಡ್ ಅಲ್ಲದ ಹೆಣ್ಣುಗಳಿಗೆ ಕೊಡಿಸಿದರು. ಲಿಯೋಲಾ ಎಂಬ ಅಪ್ಪಲೂಸಾ ತಳಿಯ ಹೆಣ್ಣು ಗಬ್ಬ ಕಟ್ಟಿತು, 1974ರಲ್ಲಿ ಫಸ್ಟ್ ಸೆಕ್ರೆಟರಿ ಎಂಬ ಮರಿ ಹಾಕಿತು. ಈಗಲೂ ಹೊಸ ಸ್ಟಾಲಿಯನ್ನಿಗೆ ಸೀಸನ್ನಿಗೆ ಮುಂಚೆ ಹೀಗೆ ಪರೀಕ್ಷೆಯ ಹೆಣ್ಣುಗಳನ್ನು ಕೊಡುತ್ತಾರೆ. ಅದರ ಫಲಿತಾಂಶವನ್ನು ಫಾರ್ಮಿನವರ ಬಳಿ ಸಂಕೋಚವಿಲ್ಲದೆ ಕೇಳಿ. ಮೂರನೇ ಸೀಸನ್ನಿನ ಕುದುರೆಯಾದರೆ ಕೇಳಬೇಕಾದ್ದೂ ಇಲ್ಲ, ಯಾವ ಸ್ಟಾಲಿಯನ್ ಎಷ್ಟು ಹೆಣ್ಣುಗಳಿಗೆ ಹೋಯಿತು, ಎಷ್ಟು ಜೀವಂತ ಮರಿ ಹುಟ್ಟಿದವು ಎಂಬ ಅಂಕಿಗಳನ್ನು ಥರೋಬ್ರೆಡ್ ದಾಖಲೆ ಇಡುವ ಜಾಕಿ ಕ್ಲಬ್ಬೇ ಪ್ರಕಟಿಸುತ್ತದೆ.

ಆಮೇಲೆ ದೇಹ. ಬಣ್ಣ, ಬಾಲ, ಮುಖದ ಚಂದ ಬದಿಗಿಡಿ. ನಮ್ಮೂರುಗಳಲ್ಲಿ ಹಿರಿಯರು ಕುದುರೆಗೂ ಎತ್ತಿಗೂ ಸುಳಿ ನೋಡುತ್ತಾರೆ. ಥರೋಬ್ರೆಡ್‌ನಲ್ಲಿಯೂ ಸುಳಿಗಳನ್ನು ಬರೆದಿಡುತ್ತಾರೆ, ಆದರೆ ಗುರುತು ಹಿಡಿಯುವುದಕ್ಕೆ ಮಾತ್ರ. ನೀವು ಪಕ್ಕದಿಂದ ಮುಂಗಾಲಿನ ಮೊಣಕಾಲು ನೋಡಿ. ಅದು ಹಿಂದಕ್ಕೆ ಬಾಗಿದ್ದರೆ ನನಗೆ ಭಯ, ಏಕೆಂದರೆ ಪೂರ್ತಿ ವೇಗದಲ್ಲಿ ಆ ಕೀಲಿನ ಮುಂಭಾಗದ ಮೂಳೆಗಳ ಮೇಲೆ ಒತ್ತಡ ಬಿದ್ದು ಚಕ್ಕೆ ಏಳುತ್ತವೆ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಅಷ್ಟು ಚಿಂತೆಯಿಲ್ಲ. ಎದುರಿನಿಂದ ನೋಡಿದಾಗ ಗೊರಸು ಒಳಕ್ಕೋ ಹೊರಕ್ಕೋ ತಿರುಗಿದೆಯೇ ಗಮನಿಸಿ. ನಡೆಸಿದಾಗ ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತನ್ನು ದಾಟಿ ಬೀಳಬೇಕು. ಇವನ್ನೆಲ್ಲ ನಿಮ್ಮ ಹೆಣ್ಣಿನ ದೋಷಗಳ ಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರದೂ ಒಂದೇ ದೋಷವಾದರೆ ಆ ಜೋಡಿ ಬೇಡ, ವಂಶಾವಳಿ ಎಷ್ಟೇ ಒಪ್ಪಲಿ. ದೇಹದ ದೋಷವಿದ್ದ ದೊಡ್ಡ ಸೈರ್‌ಗಳೂ ಇವೆ. ಮೊಣಕಾಲಿನ ತೊಂದರೆಯಿಂದ ಡಾನ್ಜಿಗ್ ಮೂರೇ ಮೂರು ಬಾರಿ ಓಡಿತ್ತು, ಮೂರನ್ನೂ ಗೆದ್ದಿತ್ತು, ಕ್ಲೇಬೋರ್ನ್ ಫಾರ್ಮ್‌ನಲ್ಲಿ ಯುಗ ಕಟ್ಟುವ ಸೈರ್ ಆಯಿತು. ಆದರೆ ನೂರು ಕುದುರೆಗಳಲ್ಲಿ ಒಂದು ಡಾನ್ಜಿಗ್ ಎಂದು ನಂಬಿ ಕೊಡಿಸುವುದು ಮೂವರು ಸ್ನೇಹಿತರ ಉಳಿತಾಯಕ್ಕೆ ತಕ್ಕ ಕೆಲಸವಲ್ಲ.

ಸ್ಟಾಲಿಯನ್ನಿಗಿಂತ ಅದರ ಮರಿಗಳು ಹೆಚ್ಚು ಹೇಳುತ್ತವೆ. ಮೊದಲ ಮರಿಗಳು ವೀನ್ಲಿಂಗ್ (ಹಾಲು ಬಿಡಿಸಿದ ಮರಿ) ಆಗಿ ಕೀನ್‌ಲ್ಯಾಂಡಿನ ನವೆಂಬರ್ ಹರಾಜಿಗೆ ಬರುತ್ತವೆ. ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಇರಬಹುದು, ಕೊಳ್ಳದಿದ್ದರೂ ಬೆಳಗ್ಗೆ ಲಾಯಗಳ ಮುಂದೆ ನಿಂತು ನೋಡಬಹುದು. ಬೇರೆ ಬೇರೆ ಹೆಣ್ಣುಗಳಿಗೆ ಹುಟ್ಟಿದ ಹತ್ತು ಹನ್ನೆರಡು ಮರಿ ಸಾಲಾಗಿ ನೋಡಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಭುಜ, ಸೊಂಟ, ನಡಿಗೆ ಎಲ್ಲದರಲ್ಲೂ ತಂದೆಯ ಒಳ್ಳೆಯ ಗುಣ ಮರುಕಳಿಸಿದರೆ ಅದು ಬಲವಾದ ಸೂಚನೆ. ತಾಯಂದಿರ ಹಾಗೆಯೇ ಒಂದೊಂದು ಒಂದೊಂದು ಥರ ಇದ್ದರೆ ಆ ಸ್ಟಾಲಿಯನ್ ಏನನ್ನೂ ಕೊಡುತ್ತಿಲ್ಲ ಎಂದರ್ಥ. ನಿಮ್ಮ ಎರಡನೇ ಸ್ಟಾಲಿಯನ್ನಿನ ಬಗ್ಗೆ ನಾನು ಹಾಕಿದ ಷರತ್ತು ಇದೇ.

ರೇಸ್ ದಾಖಲೆಯಲ್ಲಿ ನಾನು ಗೆದ್ದ ಹಣವನ್ನು ನೋಡುವುದಿಲ್ಲ, ವೇಗವನ್ನು ನೋಡುತ್ತೇನೆ. ಎರಡು ವರ್ಷದ ವಯಸ್ಸಿನಲ್ಲಿ ವೇಗ ತೋರಿಸಿತ್ತೇ, ಒಂದು ಮೈಲಿಯ ಗ್ರೇಡ್ 1 ಗೆದ್ದಿದೆಯೇ, ಏಕೆ ನಿವೃತ್ತಿಯಾಯಿತು. ಗಾಯದಿಂದಾದರೆ ಯಾವ ಗಾಯ ಎಂಬ ಪ್ರಶ್ನೆಗೆ ನೇರ ಉತ್ತರ ಬೇಕು. ವಂಶಾವಳಿಯ ಬಗ್ಗೆ ಬಹಳ ಹೇಳಲಾರೆ, ಅಲ್ಲಿ ಮಾತು ಜಾಸ್ತಿ, ಪುರಾವೆ ಕಡಿಮೆ. ತಾಯಿಯ ಕಡೆ ಮಾತ್ರ ಗಟ್ಟಿಯಾಗಿ ಓದಿ. ಇನ್‌ಟು ಮಿಸ್‌ಚೀಫ್‌ನ ತಾಯಿ ಲೆಸ್ಲೀಸ್ ಲೇಡಿಯೇ ಬೇರೆ ಗಂಡುಗಳಿಂದ ಬಿಹೋಲ್ಡರ್ ಮತ್ತು ಮೆಂಡೆಲ್‌ಸನ್ ಎಂಬ ಹೆಸರಾಂತ ಓಟದ ಕುದುರೆಗಳನ್ನೂ ಹೆತ್ತಿತು. ಮಗನ ಫೀ 7,500 ಇದ್ದ ದಿನಗಳಲ್ಲಿ ಅವುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜೀನ್ ಪರೀಕ್ಷೆಯ ಬಗ್ಗೆಯೂ ನಿಮಗೆ ಯಾರಾದರೂ ಹೇಳುತ್ತಾರೆ. ಡಬ್ಲಿನ್ನಿನ ವಿಜ್ಞಾನಿ ಎಮಲೀನ್ ಹಿಲ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ ಮಯೋಸ್ಟಾಟಿನ್ ಜೀನ್ ಒಂದು ಕುದುರೆ ಚಿಕ್ಕ ದೂರಕ್ಕೆ ಸಲ್ಲುತ್ತದೋ ದೊಡ್ಡದಕ್ಕೋ ಎಂಬುದನ್ನು ಚೆನ್ನಾಗಿ ಸೂಚಿಸುತ್ತದೆ. ಗೆಲ್ಲುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಮರಿಗಳು ಓಡತೊಡಗಿದ ಮೇಲೆ ಅಂಕಿಅಂಶಗಳ ಮಳೆ ಸುರಿಯುತ್ತದೆ, ಅದರಲ್ಲಿ ಜಾಣತನದಿಂದ ನೋಡಬೇಕಾದ್ದು ಎರಡು. ಸೈರ್‌ನ ಮರಿಗಳ ಸರಾಸರಿ ಗಳಿಕೆಯನ್ನು ಇಡೀ ತಳಿಯ ಸರಾಸರಿಯೊಂದಿಗೆ ಹೋಲಿಸುವ ಒಂದು ಸೂಚ್ಯಂಕವಿದೆ, ಎಇಐ. 1.00 ಎಂದರೆ ಸಾಧಾರಣ. ಅದರ ಪಕ್ಕದಲ್ಲೇ ಸಿಐ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದೇ ಹೆಣ್ಣುಗಳು ಬೇರೆ ಗಂಡುಗಳಿಂದ ಹೆತ್ತ ಮರಿಗಳು ಎಷ್ಟು ಗಳಿಸಿದವು ಎಂಬುದನ್ನು ಅದು ಹೇಳುತ್ತದೆ. ಒಂದು ಸ್ಟಾಲಿಯನ್ನಿನ ಎಇಐ 1.50, ಸಿಐ 2.00 ಇದ್ದರೆ, ಅದಕ್ಕೆ ಬಂದ ಹೆಣ್ಣುಗಳು ಉತ್ತಮವಾಗಿದ್ದವು, ಅದೇ ಅವುಗಳನ್ನು ಕೆಳಗೆಳೆದಿದೆ. ಎಇಐ 1.50, ಸಿಐ 1.10 ಇದ್ದರೆ ಅದು ಸಾಧಾರಣ ಹೆಣ್ಣುಗಳಿಂದ ಒಳ್ಳೆಯ ಮರಿ ತೆಗೆದಿದೆ. ನಾನು ಮೂರನೆಯದನ್ನು ಆರಿಸುವಾಗ ಈ ಎರಡನೇ ಬಗೆಯದೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಅದು ಮೊದಲನೇ ಬಗೆಯದಾಗಿದ್ದರೆ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಅದೇ ಫೀಗೆ ಬೇರೆ ಹಳೆಯ ಸೈರ್ ಹುಡುಕಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಹೆಣ್ಣು ಕುದುರೆಯನ್ನು ಫಾರ್ಮಿನಲ್ಲಿ ಇಡಲು ದಿನಕ್ಕೆ 40 ಡಾಲರ್ ಎಂದು ಹಿಡಿದರೂ ಗಬ್ಬದ ವರ್ಷಕ್ಕೆ 14,600. ಹಾಲು ಬಿಡಿಸಿದ ಮೇಲೆ ಮರಿಯನ್ನು ಹರಾಜಿನವರೆಗೆ ಸಾಕಲು ಹೆಚ್ಚುಕಡಿಮೆ ಇನ್ನೊಂದು ಅಷ್ಟೇ. ಫೀ 15,000. ಇದರ ಮೇಲೆ ಪಶುವೈದ್ಯರು, ಎಕ್ಸ್‌ರೇ, ಗಂಟಲಿನ ಎಂಡೋಸ್ಕೋಪಿ, ಹರಾಜಿನ ತಯಾರಿ, ಕಮಿಷನ್. 50,000ದ ಹತ್ತಿರ ಬಂದೇ ಬರುತ್ತದೆ. ಇಯರ್ಲಿಂಗ್ ಫೀಯ ಮೂರು ಪಟ್ಟಿಗೆ ಹೋಗಬೇಕು ಎಂದು ವ್ಯಾಪಾರಸ್ಥರು ಹೇಳುವುದು ಇದಕ್ಕೇ. ಈಗ ಫಾರ್ಮಿನ ಜಾಹೀರಾತಿನಲ್ಲಿ ಸರಾಸರಿ 1,00,000 ಎಂದು ಕಂಡರೆ ಮರುಳಾಗಬೇಡಿ. ಐದು ಮರಿಗಳು 10, 15, 20, 25 ಮತ್ತು 430 ಸಾವಿರಕ್ಕೆ ಹೋದರೂ ಸರಾಸರಿ ಲಕ್ಷವೇ. ನಡುವಿನ ಮರಿಗೆ ಬಂದದ್ದು 20 ಸಾವಿರ. ನಿಮ್ಮ ಮರಿ ಆ ನಡುವಿನದ್ದೇ ಆಗುವ ಸಂಭವ ಹೆಚ್ಚು, ಆದ್ದರಿಂದ ಮೀಡಿಯನ್ ಕೇಳಿ. ಮಾರಾಟವಾಗದೆ ವಾಪಸು ಹೋದವೆಷ್ಟು ಎಂಬುದನ್ನೂ ಕೇಳಿ, ಅವು ಸರಾಸರಿಯಲ್ಲಿ ಸೇರಿರುವುದಿಲ್ಲ.

ಹೊಸ ಸ್ಟಾಲಿಯನ್ನಿಗೆ ಎಷ್ಟು ಹೆಣ್ಣುಗಳು ಬುಕ್ ಆಗಿವೆ ಎಂಬುದು ಸಣ್ಣ ಬ್ರೀಡರ್‌ಗೆ ಜೀವನ್ಮರಣದ ಪ್ರಶ್ನೆ. ಒಂದು ಸ್ಟಾಲಿಯನ್ನಿಗೆ ವರ್ಷಕ್ಕೆ 140 ಹೆಣ್ಣುಗಳ ಮಿತಿ ಹಾಕಲು ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ನಿಯಮ ಮಾಡಿತ್ತು, ವಿರೋಧದಿಂದ 2022ರಲ್ಲಿ ಹಿಂತೆಗೆದುಕೊಂಡಿತು. 200 ದಾಟಿದವೂ ಇವೆ. ಅಂಥದಕ್ಕೆ ಕೊಡಿಸಿದರೆ ಸೆಪ್ಟೆಂಬರಿನಲ್ಲಿ ನಿಮ್ಮ ಮರಿಯ ಅಣ್ಣತಮ್ಮಂದಿರೇ ನೂರಕ್ಕೆ ಹತ್ತಿರ ಹರಾಜಿಗೆ ನಿಂತಿರುತ್ತಾರೆ. ಒಳ್ಳೆಯ ತಾಯಂದಿರ ಮರಿಗಳು ಮೊದಲ ದಿನಗಳಲ್ಲಿ, ನಿಮ್ಮದು ಎರಡನೇ ವಾರದಲ್ಲಿ, ಹಣವಂತರು ಊರು ಬಿಟ್ಟ ಮೇಲೆ.

ಹಳೆಯದನ್ನೇ ಏಕೆ ಎಂಬುದಕ್ಕೆ ನನ್ನ ಮುಖ್ಯ ಕಾರಣ ನಿಮ್ಮ ಹೆಣ್ಣು. ಅದು ಏನು ಹೆರುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಹೊಸ ಗಂಡಿಗೆ ಕೊಡಿಸಿ ಮರಿ ಓಡದಿದ್ದರೆ ತಪ್ಪು ತಂದೆಯದೋ ತಾಯಿಯದೋ ತಿಳಿಯುವುದಿಲ್ಲ, ಇನ್ನೂ ಎರಡು ಮೂರು ವರ್ಷ ಕತ್ತಲಲ್ಲೇ ಫೀ ಕಟ್ಟುತ್ತೀರಿ. ಗೆಲ್ಲುವ ಮರಿಗಳನ್ನು ನಿಯತ್ತಾಗಿ ಕೊಡುವ ಗಂಡಿಗೆ ಕೊಡಿಸಿದರೆ ಮೊದಲ ಮರಿಯೇ ರೇಸ್ ಗೆಲ್ಲುವ ಸಾಧ್ಯತೆ ಹೆಚ್ಚು. ಆಗ ತಾಯಿಯ ಹೆಸರಿನ ಕೆಳಗೆ ವಿಜೇತ ಮರಿ ಎಂದು ಕ್ಯಾಟಲಾಗಿನಲ್ಲಿ ಅಚ್ಚಾಗುತ್ತದೆ, ಮುಂದಿನ ಪ್ರತಿ ಮರಿಯ ಬೆಲೆಗೂ ಅದು ಕೂಡುತ್ತದೆ. ಹೆಣ್ಣು ಮರಿಯಾದರೆ ಇಟ್ಟುಕೊಳ್ಳುವ ಮಾತನ್ನೂ ಬರೆದಿದ್ದೀರಿ. ಹಾಗಿದ್ದರೆ ಈ ದಾರಿಯೇ ಸರಿ. ಹೊಸ ಸ್ಟಾಲಿಯನ್ನನ್ನು ಎರಡನೇ ಮರಿಗೆ ಇಟ್ಟುಕೊಳ್ಳಿ.

ಕುಣಿಗಲ್ ಬಗ್ಗೆ ಕೇಳಿದ್ದೀರಿ. ಟಿಪ್ಪುವಿನ ಸೇನೆಗೆ ಕುದುರೆ ಸಾಕಿದ ಆ ನೆಲದಲ್ಲೂ, ಪುಣೆ, ಹರಿಯಾಣ, ಪಂಜಾಬಿನ ಸ್ಟಡ್‌ಗಳಲ್ಲೂ ಅಳತೆಗೋಲು ಇವೇ, ಮಾರುಕಟ್ಟೆ ಬೇರೆ. ನಮ್ಮಲ್ಲಿಗೆ ಬರುವ ಸ್ಟಾಲಿಯನ್‌ಗಳು ಬಹುತೇಕ ವಿದೇಶದಲ್ಲಿ ಓಡಿ, ಅಲ್ಲಿನ ಮೊದಲ ಪಂಕ್ತಿಯಲ್ಲಿ ಜಾಗ ಸಿಗದವು. ಕೊಳ್ಳುವವರೂ ಮರುಮಾರಾಟಕ್ಕಿಂತ ಓಡಿಸಲೆಂದೇ ಕೊಳ್ಳುತ್ತಾರೆ. ರಝೀನ್ ನೆನಪಿಸಿಕೊಳ್ಳಿ. ನಾರ್ದರ್ನ್ ಡ್ಯಾನ್ಸರ್‌ನ ಮಗ, 1990ರ ಎಪ್ಸಮ್ ಡರ್ಬಿಯಲ್ಲಿ ಫೇವರಿಟ್ ಆಗಿ ಇಳಿದು ಎಲ್ಲೋ ಹಿಂದೆ ಉಳಿಯಿತು. ಹರಿಯಾಣದ ಉಷಾ ಸ್ಟಡ್‌ಗೆ ಬಂದ ಮೇಲೆ ಭಾರತದ ಚಾಂಪಿಯನ್ ಸೈರ್ ಆಗಿ ಹಲವು ವರ್ಷ ಆಳಿತು. ಓಟದಲ್ಲಿ ಸೋತದ್ದು ಆ ರಕ್ತದಲ್ಲಿ ಏನಿದೆ ಎಂಬುದನ್ನು ಮುಚ್ಚಲಿಲ್ಲ. ಇಲ್ಲಿ ಸ್ಟಾಲಿಯನ್‌ಗಳ ಸಂಖ್ಯೆ ಕಡಿಮೆ, ಹಾಗಾಗಿ ಒಂದು ಒಳ್ಳೆಯದು ಬಂದರೆ ಅದರ ಹೆಣ್ಣು ಮರಿಗಳು ಇಡೀ ದೇಶದ ತಳಿಯನ್ನೇ ಬದಲಿಸುತ್ತವೆ.

ಯಾವುದಕ್ಕೆ ಕೊಡಿಸಿದರೂ ಕರಾರಿಗೆ ಸಹಿ ಹಾಕುವ ಮುಂಚೆ ಲೈವ್ ಫೋಲ್ ಗ್ಯಾರಂಟಿ ಇದೆಯೇ ನೋಡಿ, ಮರಿ ಎದ್ದು ನಿಂತು ಹಾಲು ಕುಡಿದ ಮೇಲೆಯೇ ಫೀ ಸಲ್ಲಬೇಕು ಎಂದು ಬರೆಸಿಕೊಳ್ಳಿ. ಮೊದಲ ಬಾರಿ ಗಬ್ಬವಾಗುವ ಹೆಣ್ಣು ಅದು. ಡಿಸೆಂಬರಿನಿಂದಲೇ ರಾತ್ರಿ ಲಾಯದಲ್ಲಿ ದೀಪ ಹಾಕಿ ಹಗಲನ್ನು ಹದಿನಾರು ಗಂಟೆಗೆ ಹಿಗ್ಗಿಸಿದರೆ ಫೆಬ್ರವರಿಯಲ್ಲಿ ಸರಿಯಾಗಿ ಬೆದೆಗೆ ಬರುತ್ತದೆ. ನವೆಂಬರ್ ಮುಗಿಯುವುದರೊಳಗೆ ಫಾರ್ಮಿನೊಂದಿಗೆ ಮಾತು ಮುಗಿಸಿ, ಸೀಸನ್ನಿನ ಮೊದಲ ವಾರಗಳಲ್ಲಿ ದಿನಾಂಕ ಹಿಡಿದಿಡಿ. ಫೆಬ್ರವರಿ ಮಾರ್ಚಿನಲ್ಲಿ ಹುಟ್ಟಿದ ಮರಿಗೂ ಮೇ ಕೊನೆಯಲ್ಲಿ ಹುಟ್ಟಿದ್ದಕ್ಕೂ ಹರಾಜಿನ ದಿನ ಎದ್ದು ಕಾಣುವಷ್ಟು ವ್ಯತ್ಯಾಸವಿರುತ್ತದೆ.